ಗಾಲಿಗೆ ಕೊಟ್ಟ ಕಲ್ಲು

ಈ ದುರ್ಗದ ಇಳಿಜಾರುಗಳೆಲ್ಲ ನನಗೆ ಬಾಯಿಪಾಠ.
ಜೋಗಿಮಟ್ಟಿ ರಸ್ತೆಯದು ಉದ್ದ, ನಂಬಬಹುದು.
ಬುರುಜನಹಟ್ಟಿಯದು ಗಿಡ್ಡ, ಕೆಳಗೆ ಚರಂಡಿ,
ಒಂದೇ ಅವಕಾಶ.
ಸಂತೆಹೊಂಡದ ಹತ್ತಿರ ಇಳಿಜಾರಿನಂತೆ ಕಾಣುತ್ತೆ,
ಅಲ್ಲ. ಎರಡು ಸಲ ಮೋಸಹೋಗಿದ್ದೇನೆ.

ಐವತ್ತೆರಡು ಸಾವಿರಕ್ಕೆ ತಂದ ಡೀಸೆಲ್ ಕಾರು.
ಮಾರಿದವನು ಹೇಳಿದ್ದ,
"ಬೆಳಗ್ಗೆ ಸ್ವಲ್ಪ ಸೋಮಾರಿ, ಅಷ್ಟೇ."
ಆ ಅಷ್ಟೇಗೆ
ನಾಲ್ಕು ವರ್ಷದಿಂದ ಕಂತು ಕಟ್ಟುತ್ತಿದ್ದೇನೆ.

ಡಿಕ್ಕಿಯಲ್ಲಿ ಬರ್ನರು, ರೆಗ್ಯುಲೇಟರು,
ಮಿಕ್ಸಿಯ ಕಾರ್ಬನ್ನು, ಕುಕ್ಕರ್ ರಬ್ಬರಿನ ಗೊಂಚಲು,
ಮೂಲೆಯಲ್ಲಿ ಒಡೆದ ಬೀಸುಕಲ್ಲಿನ ಅರ್ಧ.
ಭರಮಸಾಗರವಾಗಲಿ, ತುರುವನೂರಾಗಲಿ
ಮೊದಲು ಏರು ಹುಡುಕಬೇಕು, ಆಮೇಲೆ ಗಿರಾಕಿ.
ಗಾಲಿಗೆ ಕಲ್ಲು ಕೊಟ್ಟು ಮೈಕು ಹಾಕಬೇಕು:
ಗ್ಯಾಸ್ ಸ್ಟವ್ ರಿಪೇರಿ, ಮಿಕ್ಸಿ ರಿಪೇರಿ.

ಹಯಾತ್ ಸಾಬರು ಬಾನೆಟ್ಟಿನೊಳಗೆ ಅರ್ಧ ಮುಳುಗಿ
ತುಂಬ ಹೊತ್ತು ಸುಮ್ಮನಿದ್ದರು.
ಆಯಿಲ್ ಕಡ್ಡಿ ಎಳೆದು ಮೂಗಿನ ಮುಂದೆ ಹಿಡಿದರು,
ಹಾಲು ಜಾಸ್ತಿಯಾದ ಟೀ ಬಣ್ಣ.
"ನೀರೂ ಆಯಿಲ್ಲೂ ಒಂದಾಗೈತೆ.
ಹೆಡ್ಡು ಇಳಿಸಬೇಕು. ನಾಜಲ್ ನಾಲ್ಕೂ ಹೋಗ್ಯಾವೆ.
ಪಂಪು ದಾವಣಗೆರೆಗೆ ಕಳಿಸಬೇಕು. ನಲವತ್ತು ಹಿಡೀರಿ.
ಬಿಚ್ಚಿದ ಮೇಲೆ ಇನ್ನೇನು ಕಾಣುತ್ತೋ."
"ಗುಜರಿಗೆ?"
"ಇಪ್ಪತ್ತಾರು. ಬ್ಯಾಟರಿ ಬಿಟ್ಟು."
ಬನಿಯನ್ ತುಂಡಿಗೆ ಕೈ ಒರೆಸುತ್ತ ನಕ್ಕರು,
"ನೀವೂ ರಿಪೇರಿಯೋರು. ನಿಮಗೆ ನಾನೇನು ಹೇಳ್ಲಿ?"

ಅದೇ ತೊಂದರೆ.
ಎಸೀಬೇಡಿ ಅಮ್ಮಾ, ಇನ್ನೂ ಹತ್ತು ವರ್ಷ ಬರುತ್ತೆ,
ಎಷ್ಟು ಬಾಗಿಲಲ್ಲಿ ಹೇಳಿದ್ದೇನೆ!
ಯಾರ ಗಂಟಿನಿಂದ ತೆಗೆದು ಹಂಚಿದೆನೋ
ಆ ಹತ್ತತ್ತು ವರ್ಷಗಳನ್ನು.

ತುರುವನೂರಿನ ಬೋರಕ್ಕನ ಮಿಕ್ಸಿ
ಐದು ಸಲ ಬಿಚ್ಚಿದೆ.
ಮೂರನೆಯ ಸಲವೇ ಗೊತ್ತಿತ್ತು, ಕಾಯಿಲು ಸುಟ್ಟಿದೆ.
ಗೊತ್ತಿದ್ದೂ ಹೊಸ ಕಾರ್ಬನ್ ಕೂರಿಸಿ ನೂರೈವತ್ತು ತಗೊಂಡೆ.
ಅವಳ ಮುಂದೆ ಒಂದು ನಿಮಿಷ ತಿರುಗಿತು.
ನನಗೆ ಒಂದು ನಿಮಿಷ ಸಾಕಿತ್ತು.
ಐದನೆಯ ಸಲ ಅವಳು ಮಿಕ್ಸಿ ತರಲೇ ಇಲ್ಲ,
ಹಿತ್ತಲಿಂದ ಈ ಕಲ್ಲು ಹೊತ್ತು ತಂದಳು.
"ಇದನ್ನ ಯಾರೂ ರಿಪೇರಿ ಮಾಡಲ್ಲ ಕಣಪ್ಪ,
ನಿನ್ನ ಗಾಲಿಗೆ ಇಟ್ಕ."
ಅವತ್ತು ತಮಾಷೆ ಅಂದುಕೊಂಡು ನಕ್ಕಿದ್ದೆ.

ರಾತ್ರಿ ಪಾಲಮ್ಮ ಕರೆಂಟ್ ಬಿಲ್ಲಿನ ಹಿಂದೆ ಲೆಕ್ಕ ಬರೆದಳು.
ನಲವತ್ತು. ಎಫ್‌ಸಿಗೆ ಎಂಟು. ಟೈರು ಎರಡು.
ಕೂಡಿಸಲಿಲ್ಲ, ಪೆನ್ಸಿಲ್ ಕೆಳಗಿಟ್ಟಳು.
"ಆ ದುಡ್ಡಿಗೆ ಹಳೇ ಲಗೇಜ್ ಆಟೋ ಬರುತ್ತಲ್ಲ" ಅಂದೆ.
"ಅದೂ ಯಾರದೋ ಬೆಳಗಿನ ಸೋಮಾರಿನೇ" ಅಂದಳು.

ಹೊರಗೆ ಬಂದು ನಿಂತೆ. ಗುಡ್ಡದ ಮೇಲೆ
ಕೆಂಪು ದೀಪ ಮಿಟುಕಿಸುವ ಗಾಳಿ ಫ್ಯಾನುಗಳು.
ಒಂದು ಮಾತ್ರ ಎಷ್ಟೋ ಕಾಲದಿಂದ ತಿರುಗುತ್ತಿಲ್ಲ.
ಇಳಿಸೋಕೆ ಖರ್ಚಂತೆ, ಸರಿಮಾಡೋಕೂ ಖರ್ಚಂತೆ,
ಅಂತೂ ನಿಂತಿದೆ.
ಬಾನೆಟ್ಟಿನ ಮೇಲೆ ಕೈಯಿಟ್ಟೆ. ತಣ್ಣಗಿತ್ತು.
ಬೋರಕ್ಕನಿಗೆ ಹೇಳಬೇಕಿದ್ದ ಮಾತನ್ನು
ಕಾರಿಗೆ ಹೇಳಿದೆ:
ಇದು ಆಗಲ್ಲ.

ಬೆಳಗ್ಗೆ ಕಲ್ಲು ತೆಗೆದೆ, ಇಳಿಜಾರು ಎಳೆದುಕೊಂಡಿತು.
ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ.
ಮೊದಲನೇ ಹೊಡೆತಕ್ಕೇ ಚಾಲೂ ಆಯ್ತು, ಕಳ್ಳ ನನ್ಮಗಂದು,
ಹೊಳಲ್ಕೆರೆ ರಸ್ತೆಯ ಗುಜರಿವರೆಗೂ
ಒಂದು ಸಲವೂ ಕೆಮ್ಮಲಿಲ್ಲ.

ಗುಜರಿಯ ಹುಡುಗ ಡಿಕ್ಕಿ ತೆಗೆದು ನೋಡಿ,
"ಅಣ್ಣಾ, ಇದು ಕಬ್ಬಿಣ ಅಲ್ಲ. ನಿಮ್ಮದು ನೀವು ತಗಂಡೋಗಿ."

ಸಾಮಾನಿನ ಚೀಲ ಒಂದು ಹೆಗಲಿಗೆ,
ಕಲ್ಲು ಇನ್ನೊಂದು ಹೆಗಲಿಗೆ.
ನಾಲ್ಕು ವರ್ಷ ಇಳಿದ ರಸ್ತೆ
ಇಷ್ಟೊಂದು ಏರು ಅಂತ ಗೊತ್ತಿರಲಿಲ್ಲ.
ಅರ್ಧಕ್ಕೆ ಬಂದು ಕಲ್ಲು ಇಳಿಸಿ ಅದರ ಮೇಲೇ ಕೂತೆ.
ಎದುರು ಮನೆಯಾಕೆ ಬಾಗಿಲಿಗೆ ಬಂದಳು,
ಕೈಯಲ್ಲಿ ಸುತ್ತಿದ ವೈರು, ಒಂದು ಮಿಕ್ಸಿ.
"ನೀವೇ ಅಲ್ವಾ ಮೈಕಿನೋರು? ಇದು ಆಗುತ್ತಾ?"

ಬಿಚ್ಚಿ ನೋಡ್ತೀನಿ, ಎಂದೆ.